ಮೇಲೆ ಕೇಳುವವರಿಲ್ಲ ಅಂತ ಯುದ್ಧವೋ, ಮಾನಕ್ಕಾಗಿ ಯುದ್ಧವೋ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು, ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿದ್ದೇನೆ. ಯುದ್ಧ ಯಾಕೆ ಆಗುತ್ತದೆ ಅಂತ ಕ್ಲಾಸಿನಲ್ಲಿ ಚರ್ಚೆ ಬಂತು. ದೇಶಗಳ ಮೇಲೆ ಇನ್ನೊಂದು ಸರ್ಕಾರ ಇಲ್ಲ, ಅರಾಜಕತೆ ಇದೆ, ಅದಕ್ಕೇ ಯುದ್ಧ ಅಂತ ನಮ್ಮ ಮೇಷ್ಟ್ರು ಹೇಳಿದರು. ನನ್ನ ಗೆಳತಿ ಒಪ್ಪಲಿಲ್ಲ. ಕೆಲವು ಜನರ ಸಂಸ್ಕೃತಿಯೇ ಹೊಡೆದಾಟದ್ದು, ಅವರು ಇರುವವರೆಗೂ ಯುದ್ಧ ಇರುತ್ತದೆ ಅಂದಳು. ಯಾರು ಸರಿ? ಇಡೀ ಪ್ರಪಂಚಕ್ಕೆ ಒಂದೇ ಸರ್ಕಾರ ಬಂದರೆ ಯುದ್ಧ ನಿಲ್ಲುತ್ತದಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮೇಷ್ಟ್ರ ಮಾತಿನಿಂದ ಯುದ್ಧ ಯಾಕೆ ಸಾಧ್ಯ ಅನ್ನೋದು ಗೊತ್ತಾಗುತ್ತದೆ. ಈ ಯುದ್ಧ ಯಾಕೆ ಆಯಿತು, ಆಗಲೇ ಯಾಕೆ, ಅವರ ಮೇಲೇ ಯಾಕೆ ಅಂತ ಕೇಳಿದರೆ ಅಲ್ಲಿ ಉತ್ತರ ಸಿಗುವುದಿಲ್ಲ. ನಿಮ್ಮ ಗೆಳತಿ ಒಳ್ಳೆಯ ದಾರಿಯಲ್ಲೇ ಹೊರಟಿದ್ದಾರೆ, ಆದರೆ ಕೆಲವರು ಹುಟ್ಟಾ ಜಗಳಗಂಟರು ಅನ್ನುವ ಕಡೆ ತಿರುಗಿದ್ದೇ ದಾರಿ ತಪ್ಪಿದ್ದಾರೆ. ಯುದ್ಧದಲ್ಲಿ ಸಂಸ್ಕೃತಿಯ ಪಾಲು ಜಾಸ್ತಿಯೇ ಇದೆ. ಆದರೆ ಅದು ರಕ್ತದಲ್ಲಿ ಬರುವ ಗುಣವಲ್ಲ. ಯಾವುದಕ್ಕಾಗಿ ಹೊಡೆದಾಡಿದರೆ ಮರ್ಯಾದೆ, ಯಾವುದನ್ನು ಬಿಟ್ಟುಕೊಟ್ಟರೆ ಅವಮಾನ, ಪಕ್ಕದವರು ಸೈನ್ಯ ಕಟ್ಟಿದರೆ ಹೆದರಬೇಕೋ ಬೇಡವೋ ಅಂತ ಒಂದು ಕಾಲದ ಜನ, ಮುಖ್ಯವಾಗಿ ಆಳುವವರು, ತಮ್ಮೊಳಗೆ ಒಪ್ಪಿಕೊಂಡ ಲೆಕ್ಕ ಅದು. ಈ ಲೆಕ್ಕ ಬದಲಾಗುತ್ತದೆ. ಕೆಲವು ಸಲ ಒಂದೇ ತಲೆಮಾರಿನಲ್ಲಿ ಬದಲಾಗಿದೆ.

ಮೊದಲು ಮೇಷ್ಟ್ರ ವಾದವನ್ನು ಅದರ ಪೂರ್ತಿ ಬಲದಲ್ಲಿ ನೋಡೋಣ, ಯಾಕೆಂದರೆ ಅದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಇಲ್ಲಿ ಅರಾಜಕತೆ ಅಂದರೆ ದೊಂಬಿ, ಲೂಟಿ ಅಲ್ಲ. ದೇಶಗಳ ನಡುವೆ ಜಗಳ ಬಂದರೆ ತೀರ್ಪು ಕೊಟ್ಟು ಅದನ್ನು ಜಾರಿ ಮಾಡಿಸುವ ಮೇಲಿನವರು ಇಲ್ಲ, ಅಷ್ಟೆ. ನಿಮ್ಮ ಕಡೆ ತೋಟ ಇರುವ ಎಷ್ಟೋ ಮನೆಗಳಲ್ಲಿ ಕೋವಿ ಇರುತ್ತದೆ ಅಲ್ವಾ, ಮಂಗ, ಕಾಡುಹಂದಿ ಓಡಿಸಲು. ಪಕ್ಕದ ತೋಟದವರ ಜೊತೆ ಬೇಲಿ ವಿಷಯಕ್ಕೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರೂ ಅವರ ಮನೆಯ ಕೋವಿ ನೆನೆದು ಯಾರೂ ನಿದ್ದೆಗೆಡುವುದಿಲ್ಲ. ಯಾಕೆಂದರೆ ಕೋವಿಗೆ ಲೈಸೆನ್ಸ್ ಇದೆ, ಬೇಲಿ ಜಗಳಕ್ಕೆ ಸರ್ವೆಯವರಿದ್ದಾರೆ, ತಹಶೀಲ್ದಾರರಿದ್ದಾರೆ, ಕೋರ್ಟು ಇದೆ, ಚುನಾವಣೆ ಬಂತು ಅಂದರೆ ಹಂದಿ ಬಂದು ಗದ್ದೆ ಹಾಳು ಮಾಡುತ್ತದೆ ಅಂತ ಎಷ್ಟು ಗೊಣಗಿದರೂ ಕೋವಿ ತಂದು ಠಾಣೆಯಲ್ಲಿ ಇಡಬೇಕಾಗುತ್ತದೆ. ಈಗ ಸರ್ವೆ, ಠಾಣೆ, ಕೋರ್ಟು ಯಾವುದೂ ಇಲ್ಲ ಅಂದುಕೊಳ್ಳಿ. ಪಕ್ಕದವರು ಇನ್ನೊಂದು ಕೋವಿ ತಂದರು. ಹಂದಿಗೆ ಅಂತ ಅವರು ನಿಜವಾಗಿಯೂ ಹೇಳುತ್ತಿರಬಹುದು. ನೀವು ನಂಬಿ ಕೂರುತ್ತೀರಾ? ನೀವೂ ಒಂದು ತರುತ್ತೀರಿ. ಅದನ್ನು ನೋಡಿ ಅವರಿಗೆ ದಿಗಿಲು. ಇಬ್ಬರಲ್ಲಿ ಯಾರಿಗೂ ಹೊಡೆದಾಡುವ ಮನಸ್ಸಿಲ್ಲದಿದ್ದರೂ ಇಬ್ಬರ ಮನೆಯಲ್ಲೂ ಮದ್ದುಗುಂಡು ರಾಶಿ ಬೀಳುತ್ತದೆ. ಜಾನ್ ಹರ್ಜ್ ಎಂಬ ವಿದ್ವಾಂಸ 1950ರಲ್ಲಿ ಇದನ್ನು ಭದ್ರತೆಯ ಇಕ್ಕಟ್ಟು ಎಂದು ಕರೆದರು.

ಇನ್ನೊಂದು ತೊಂದರೆಯೂ ಇದೆ, ಇದನ್ನು ಕ್ಲಾಸಿನಲ್ಲಿ ಅಷ್ಟಾಗಿ ಹೇಳುವುದಿಲ್ಲ. ಯುದ್ಧ ಮಾಡಿದರೆ ಇಬ್ಬರಿಗೂ ನಷ್ಟ, ಹಾಗಿದ್ದರೆ ಯುದ್ಧದ ಕೊನೆಗೆ ಆಗುವ ಸಂಧಿಯನ್ನು ಮೊದಲೇ ಮಾಡಿಕೊಂಡು ಜೀವ ಉಳಿಸಬಹುದಲ್ಲ? ಜೇಮ್ಸ್ ಫಿಯರನ್ 1995ರಲ್ಲಿ ಇದಕ್ಕೆ ಕೊಟ್ಟ ಉತ್ತರಗಳಲ್ಲಿ ಒಂದು ಹೀಗಿದೆ. ಇವತ್ತು ಮಾಡಿದ ಒಪ್ಪಂದವನ್ನು ನಾಳೆ ಬಲ ಹೆಚ್ಚಾದವನು ಮುರಿದರೆ ಕೇಳುವವರಿಲ್ಲ. ಆದ್ದರಿಂದ ಪಕ್ಕದವನು ಬೆಳೆಯುತ್ತಿದ್ದಾನೆ ಅಂತ ಗೊತ್ತಾದಾಗ, ಅವನ ಮಾತು ಎಷ್ಟೇ ಸಿಹಿಯಾಗಿದ್ದರೂ, ಇವತ್ತೇ ಹೊಡೆದುಬಿಡುವುದು ಲೇಸು ಅನ್ನಿಸುತ್ತದೆ. ಕ್ರಿಸ್ತಪೂರ್ವ 431ರಲ್ಲಿ ಅಥೆನ್ಸ್ ಮತ್ತು ಸ್ಪಾರ್ಟಾ ನಡುವೆ ಶುರುವಾದ ಯುದ್ಧದ ಬಗ್ಗೆ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದದ್ದೂ ಇದನ್ನೇ: ಅಥೆನ್ಸ್ ಬೆಳೆದದ್ದು, ಅದನ್ನು ಕಂಡು ಸ್ಪಾರ್ಟಾ ಹೆದರಿದ್ದು.

ಇಷ್ಟೆಲ್ಲ ಸರಿ. ಆದರೂ ಈ ವಾದಕ್ಕೆ ಒಂದು ದೊಡ್ಡ ಕೊರತೆ ಇದೆ. ಮೇಲಿನವರು ಇಲ್ಲದಿರುವುದು ಯಾವಾಗಲೂ ಇರುವ ಸ್ಥಿತಿ, ಎಲ್ಲ ದೇಶಗಳಿಗೂ ಒಂದೇ. ಯುದ್ಧ ಹಾಗಲ್ಲ, ಕೆಲವು ಕಡೆ ಆಗುತ್ತದೆ, ಕೆಲವು ಕಡೆ ಇನ್ನೂರು ವರ್ಷ ಆಗುವುದಿಲ್ಲ. ಅಮೆರಿಕ ಮತ್ತು ಕೆನಡಾ ನಡುವೆ ಸುಮಾರು 8,900 ಕಿಲೋಮೀಟರ್ ಗಡಿ ಇದೆ. 1812ರಲ್ಲಿ ಅಲ್ಲಿ ಯುದ್ಧ ನಡೆದಿತ್ತು, ಆಮೇಲೆ ಅಂಥದ್ದು ನಡೆಯಲಿಲ್ಲ. ಆಗಲೂ ಮೇಲೆ ಸರ್ಕಾರ ಇರಲಿಲ್ಲ, ಈಗಲೂ ಇಲ್ಲ. ಯಾವಾಗಲೂ ಒಂದೇ ಥರ ಇರುವ ಸಂಗತಿಯೊಂದು, ಆಗಾಗ ಮಾತ್ರ ಆಗುವ ಘಟನೆಗೆ ಪೂರ್ತಿ ಕಾರಣ ಆಗಲಾರದು. ಈ ವಾದವನ್ನು ಜೋರಾಗಿ ಮುಂದಿಟ್ಟ ಕೆನೆತ್ ವಾಲ್ಟ್ಜ್ ಕೂಡ 1959ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಯುದ್ಧವನ್ನು ತಡೆಯುವವರು ಇಲ್ಲದ್ದರಿಂದ ಯುದ್ಧ ಆಗುತ್ತದೆ, ಆದರೆ ಒಂದೊಂದು ಯುದ್ಧದ ಹತ್ತಿರದ ಕಾರಣವನ್ನು ಆಯಾ ದೇಶದಲ್ಲಿ, ಆಯಾ ಮನುಷ್ಯರಲ್ಲಿ ಹುಡುಕಬೇಕು ಅಂತ. ಪರೀಕ್ಷೆಗೆ ಓದುವಾಗ ಆ ಎರಡನೇ ಭಾಗ ಬಿಟ್ಟುಹೋಗುತ್ತದೆ.

ಹತ್ತಿರದ ಕಾರಣ ನೋಡಲು ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳೋಣ. 1565ರಲ್ಲಿ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತಿತು. ರಾಜಮನೆತನ ಪೆನುಗೊಂಡೆಗೆ ಹೋಯಿತು, ಆದರೆ ಕೈಯಲ್ಲಿದ್ದ ಬಿಗಿ ಸಡಿಲವಾಯಿತು. ಅಲ್ಲಿಯವರೆಗೆ ಕಪ್ಪ ಕೊಟ್ಟುಕೊಂಡು ಇದ್ದ ಕೆಳದಿ, ಮೈಸೂರು, ಚಿತ್ರದುರ್ಗ, ಸೋದೆಯ ನಾಯಕರು, ಒಡೆಯರು ನಿಧಾನವಾಗಿ ತಮ್ಮ ತಮ್ಮ ಬಲದ ಮೇಲೆ ನಿಲ್ಲಬೇಕಾಯಿತು. ಒಂದು ಕಡೆ ಬಿಜಾಪುರ, ಕರಾವಳಿಯಲ್ಲಿ ಪೋರ್ಚುಗೀಸರು. ಪುಸ್ತಕದಲ್ಲಿ ಹೇಳುವ ಅರಾಜಕತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕೆಳದಿಯವರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಬಿಜಾಪುರದ ಸೇನೆ ಇಕ್ಕೇರಿಗೆ ನುಗ್ಗಿದ ಮೇಲೆ ಕಾಡು ಗುಡ್ಡಗಳ ನಡುವಿನ ಬಿದನೂರಿಗೆ, ಅಂದರೆ ಇವತ್ತಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಹೋದದ್ದು ಆ ಕಾಲದ ಭಯ ಎಂಥದ್ದು ಅಂತ ತೋರಿಸುತ್ತದೆ. ಮೇಷ್ಟ್ರ ವಾದ ಇಲ್ಲಿವರೆಗೆ ಚೆನ್ನಾಗಿ ನಡೆಯುತ್ತದೆ.

ಈಗ 1689ಕ್ಕೆ ಬನ್ನಿ. ಔರಂಗಜೇಬ 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ನುಂಗಿದ್ದಾನೆ. 1689ರ ಶುರುವಿನಲ್ಲಿ ಶಿವಾಜಿಯ ಮಗ ಸಂಭಾಜಿಯನ್ನು ಹಿಡಿದು ಕೊಲ್ಲಿಸಿದ್ದಾನೆ. ಸಂಭಾಜಿಯ ತಮ್ಮ ರಾಜಾರಾಮ ತಪ್ಪಿಸಿಕೊಂಡು ತೆಂಕಣದ ಜಿಂಜಿ ಕೋಟೆಯ ಕಡೆ ಹೊರಟಿದ್ದಾನೆ, ಹಿಂದೆಯೇ ಮೊಘಲರು. ಅವನು ಕೆಳದಿಯ ನೆಲಕ್ಕೆ ಬಂದು ಮರೆಹೊಕ್ಕ. ಆಗ ಕೆಳದಿಯನ್ನು ಆಳುತ್ತಿದ್ದವಳು ಚೆನ್ನಮ್ಮ. ಬರೀ ಉಳಿವಿನ ಲೆಕ್ಕ ಹಾಕಿದರೆ ಉತ್ತರ ಸುಲಭ. ಆ ಕಾಲದ ಅತಿ ದೊಡ್ಡ ಸೈನ್ಯ ಅದು, ಎರಡು ಸುಲ್ತಾನರನ್ನು ಎರಡು ವರ್ಷದಲ್ಲಿ ಮುಗಿಸಿದೆ. ಹುಡುಗನನ್ನು ಒಪ್ಪಿಸಿಬಿಡು, ಇಲ್ಲವೇ ನಾನು ಕಂಡೇ ಇಲ್ಲ ಅಂದುಬಿಡು. ಚೆನ್ನಮ್ಮ ಎರಡನ್ನೂ ಮಾಡಲಿಲ್ಲ. ರಾಜಾರಾಮನಿಗೆ ಆಶ್ರಯ ಕೊಟ್ಟು ಮುಂದಕ್ಕೆ ಸಾಗಿಸಿದಳು. ಮೊಘಲ್ ಸೇನೆ ಬಂತು, ಕೆಳದಿಯವರು ಎದುರು ನಿಂತು ಕಾದಿದರು, ಕೊನೆಗೆ ಸಂಧಿಯಾಯಿತು. ರಾಜಾರಾಮ ಜಿಂಜಿ ತಲುಪಿದ.

ಮರೆಹೊಕ್ಕವರನ್ನು ಬಿಟ್ಟುಕೊಟ್ಟರೆ ದೊರೆತನಕ್ಕೇ ಅರ್ಥವಿಲ್ಲ ಅನ್ನುವ ನಂಬಿಕೆ ಆ ತೀರ್ಮಾನದ ಹಿಂದೆ ಇತ್ತು. ಅದೇ ಮನೆತನದ ಶಿವಪ್ಪ ನಾಯಕ ಕೂಡ, ರಾಜ್ಯ ಕಳೆದುಕೊಂಡು ಬಂದ ವಿಜಯನಗರದ ಶ್ರೀರಂಗರಾಯನಿಗೆ ಆಶ್ರಯ ಕೊಟ್ಟು, ಅವನ ಹೆಸರಿನಲ್ಲೇ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ. ನಿಮ್ಮ ಮೇಷ್ಟ್ರು ಇದಕ್ಕೆ ಒಂದು ಒಳ್ಳೆಯ ಮರುಪ್ರಶ್ನೆ ಹಾಕಬಹುದು. ಮರಾಠರು ಪೂರ್ತಿ ಮುಗಿದರೆ ಔರಂಗಜೇಬನ ಮುಂದಿನ ತುತ್ತು ಕೆಳದಿಯೇ ಅಲ್ವಾ, ಆದ್ದರಿಂದ ರಾಜಾರಾಮ ಬದುಕಿ ಉಳಿಯುವುದು ಚೆನ್ನಮ್ಮನ ಸ್ವಂತ ರಕ್ಷಣೆಗೂ ಬೇಕಿತ್ತು. ಈ ಮಾತಿನಲ್ಲಿ ಹುರುಳಿದೆ. ಆದರೆ ಒಂದು ಗಮನಿಸಿ. ಆ ಹೊತ್ತಿನಲ್ಲಿ ರಕ್ಷಣೆಯ ಲೆಕ್ಕ ಎರಡು ಕಡೆಗೂ ತೂಗುತ್ತಿತ್ತು. ಒಪ್ಪಿಸಿದರೂ ಉಳಿಯಬಹುದು, ಕಾಪಾಡಿದರೂ ಉಳಿಯಬಹುದು. ಅಂಥ ಕಡೆ ತಕ್ಕಡಿ ಯಾವ ಕಡೆ ವಾಲುತ್ತದೆ ಅನ್ನೋದನ್ನು ಯಾವುದು ಮಾನ, ಯಾವುದು ಅವಮಾನ ಅನ್ನುವ ತಿಳಿವಳಿಕೆ ತೀರ್ಮಾನಿಸುತ್ತದೆ. ಇತಿಹಾಸದಲ್ಲಿ ಬಹುಪಾಲು ಯುದ್ಧಗಳ ಹೊಸ್ತಿಲಲ್ಲಿ ನನಗೆ ಕಾಣುವುದು ಇಂಥದ್ದೇ ಇಕ್ಕಟ್ಟು. ಬರೀ ಭಯದಿಂದ ಲೆಕ್ಕ ಪೂರ್ತಿ ಆಗುವುದಿಲ್ಲ.

ಇದು ನಮ್ಮೂರ ಅಭಿಮಾನದಿಂದ ಹೇಳಿದ ಮಾತು ಅಂದುಕೊಳ್ಳಬೇಡಿ. ರಿಚರ್ಡ್ ನೆಡ್ ಲೆಬೋ ಎಂಬ ವಿದ್ವಾಂಸ 1648ರಿಂದ ಈಚೆಗೆ ದೊಡ್ಡ ದೇಶಗಳೋ ದೊಡ್ಡದಾಗಲು ಹೊರಟ ದೇಶಗಳೋ ಭಾಗವಹಿಸಿದ 94 ಯುದ್ಧಗಳನ್ನು ತೆಗೆದುಕೊಂಡು, ಶುರು ಮಾಡಿದವರ ಉದ್ದೇಶ ಏನಿತ್ತು ಅಂತ ವಿಂಗಡಿಸಿದರು. ಕೆಲವು ಯುದ್ಧಗಳಿಗೆ ಒಂದಕ್ಕಿಂತ ಜಾಸ್ತಿ ಉದ್ದೇಶ ಇದ್ದುದರಿಂದ ಒಟ್ಟು 107 ಉದ್ದೇಶ ಸಿಕ್ಕವು. ಅದರಲ್ಲಿ ರಕ್ಷಣೆಯದ್ದು 19. ಆಸ್ತಿ, ವ್ಯಾಪಾರದಂಥ ಲಾಭದ್ದು 8. ಸೇಡಿನದ್ದು 11. ಅಂತಸ್ತಿನದ್ದು, ಅಂದರೆ ನಾಲ್ಕು ಜನರ ನಡುವೆ ನಮ್ಮ ಸ್ಥಾನ ಏನು ಅನ್ನುವ ಹಟದ್ದು, 62. ಯಾವ ಯುದ್ಧವನ್ನು ಯಾವ ಗುಂಪಿಗೆ ಹಾಕಬೇಕು ಅನ್ನುವ ಬಗ್ಗೆ ತಕರಾರು ಮಾಡುವವರು ಇದ್ದಾರೆ, ರಾಜರ ಮನಸ್ಸಿನಲ್ಲಿ ಏನಿತ್ತು ಅಂತ ಎಣಿಸುವುದು ಅಷ್ಟು ಸಲೀಸಲ್ಲ. ಆದರೂ ವ್ಯತ್ಯಾಸ ಎಷ್ಟು ದೊಡ್ಡದಿದೆ ಅಂದರೆ, ಒಂದಷ್ಟು ಯುದ್ಧಗಳನ್ನು ಆಚೀಚೆ ಸರಿಸಿದರೂ ಚಿತ್ರ ಅಷ್ಟೇನೂ ಬದಲಾಗುವುದಿಲ್ಲ. 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ಎರಡು ಸಾವಿರ ಜನರೂ ಇಲ್ಲದ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಹೊಡೆದಾಡಿದವು. ಬ್ರಿಟನ್ನಿನ 255, ಅರ್ಜೆಂಟೀನಾದ 649 ಯೋಧರು ಸತ್ತರು. ಎರಡೂ ದೇಶದ ಉಳಿವಿಗೆ ಆ ದ್ವೀಪಗಳಿಂದ ಏನೂ ಆಗಬೇಕಿರಲಿಲ್ಲ.

ಈ ಮಾನದ ಲೆಕ್ಕವನ್ನು ಒಂದು ಸಮಾಜ ಹೇಗೆ ಕಟ್ಟುತ್ತದೆ ಅಂತ ಕಣ್ಣಾರೆ ನೋಡಬೇಕಾದರೆ ನೀವು ದೂರ ಹೋಗಬೇಕಿಲ್ಲ. ಸೊರಬ, ಶಿಕಾರಿಪುರ ಕಡೆ ಊರೂರಲ್ಲೂ ವೀರಗಲ್ಲುಗಳಿವೆ, ಕೋಟೆ ರಸ್ತೆಯ ಶಿವಪ್ಪ ನಾಯಕ ಅರಮನೆಯಲ್ಲೂ ಹಳೆಯ ಕಲ್ಲುಗಳನ್ನು ತಂದಿಟ್ಟಿದ್ದಾರೆ. ಒಂದರ ಮುಂದೆ ನಿಂತು ಕೆಳಗಿನಿಂದ ಮೇಲಕ್ಕೆ ನೋಡಿ. ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ. ಕೆಳಗಿನದರಲ್ಲಿ ಕಾಳಗ, ಬಿಲ್ಲು ಕತ್ತಿ ಹಿಡಿದವರು, ಬಿದ್ದವರು, ತುರುಗೊಳ್ ಕಲ್ಲಾದರೆ ಹಸುಗಳ ಸಾಲು, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತವನು. ನಡುವಿನದರಲ್ಲಿ ಅಪ್ಸರೆಯರು ಆ ವೀರನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಹಲವು ಕಲ್ಲುಗಳ ಮೇಲೆ ಒಂದು ಶ್ಲೋಕ ಇರುತ್ತದೆ, ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’ ಅಂತ ಶುರುವಾಗುವುದು. ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು, ಕ್ಷಣದಲ್ಲಿ ಅಳಿಯುವ ಈ ದೇಹ ರಣದಲ್ಲಿ ಸತ್ತರೆ ಏನು ಚಿಂತೆ ಅನ್ನೋದು ಅದರ ಸಾರ. ಜೊತೆಗೆ ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಅಂತ ಭೂಮಿ ಕೊಡುವುದೂ ಇತ್ತು.

ಈ ಕಲ್ಲು ಏನು ಮಾಡುತ್ತಿದೆ ಯೋಚಿಸಿ. ದನಗಳ್ಳರು ಬಂದಾಗ ರಕ್ಷಣೆಗೆ ದೂರದ ರಾಜ ಬರುವುದಿಲ್ಲ, ಊರಿನವರೇ ಎದುರು ನಿಲ್ಲಬೇಕು. ಇದು ಅರಾಜಕತೆಯೇ. ಆದರೆ ಎದುರು ನಿಲ್ಲುವವನಿಗೆ ಜೀವದ ಆಸೆ ಇರುತ್ತದಲ್ಲ, ಓಡಿಹೋಗಬಹುದಲ್ಲ? ಓಡದ ಹಾಗೆ ಮಾಡುವುದು ಆ ಕಲ್ಲು. ಊರ ಬಾಗಿಲಲ್ಲಿ, ದಿನಾ ಕಣ್ಣಿಗೆ ಬೀಳುವ ಹಾಗೆ, ಓದಲು ಬಾರದವರಿಗೂ ಅರ್ಥವಾಗುವ ಚಿತ್ರದಲ್ಲಿ, ಸತ್ತವನಿಗೆ ಸಿಕ್ಕಿದ್ದು ಏನು ಅಂತ ಹೇಳುತ್ತದೆ. ಅದೇ ಕಲ್ಲು ದನ ಕಾಯಲು ಹೋದವನನ್ನು ಮಾತ್ರ ಹುರಿದುಂಬಿಸುವುದಿಲ್ಲ, ಪಕ್ಕದ ಸೀಮೆಯ ದನ ತರಲು ಹೋಗುವವನಿಗೂ ಅದೇ ಸ್ವರ್ಗದ ಆಸೆ ಇರುತ್ತದೆ. ಭಯದಿಂದ ಹುಟ್ಟಿದ ಮರ್ಯಾದೆ, ಆಮೇಲೆ ತನ್ನದೇ ಕಾಲ ಮೇಲೆ ನಡೆದು ಹೊಸ ಕಾಳಗಗಳನ್ನು ಹುಟ್ಟಿಸುತ್ತದೆ. ಅರಾಜಕತೆ ಮತ್ತು ಸಂಸ್ಕೃತಿಯನ್ನು ಬೇರೆ ಬೇರೆ ಮಾಡಿ ಇಟ್ಟು ಯಾವುದು ಸರಿ ಅಂತ ಕೇಳುವುದು ಇದಕ್ಕೇ ಕಷ್ಟ.

ಯುರೋಪಿನಲ್ಲಿ ಮೊದಲ ಮಹಾಯುದ್ಧ ಶುರುವಾದದ್ದೂ ಹೀಗೇ. 1914ರ ಜೂನ್ 28ರಂದು ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡ್ ಕೊಲೆಯಾದ. ಜುಲೈ 23ರಂದು ಆಸ್ಟ್ರಿಯಾ ಸೆರ್ಬಿಯಾಕ್ಕೆ 48 ಗಂಟೆಯ ಗಡುವು ಹಾಕಿ ಬೇಡಿಕೆ ಪಟ್ಟಿ ಕೊಟ್ಟಿತು. ಸೆರ್ಬಿಯಾ ಬಹುಪಾಲನ್ನು ಒಪ್ಪಿತು, ಕೊಲೆಯ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಪಾಲ್ಗೊಳ್ಳುವುದನ್ನು ಮಾತ್ರ ಒಪ್ಪಲಿಲ್ಲ. ಆಸ್ಟ್ರಿಯಾದ ಬೆನ್ನಿಗೆ ನಿಂತಿದ್ದ ಜರ್ಮನಿಯ ಕೈಸರ್ ವಿಲ್ಹೆಲ್ಮ್ ಜುಲೈ 28ರ ಬೆಳಿಗ್ಗೆ ಆ ಉತ್ತರ ಓದಿ, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಅಂತ ಅದರ ಮೇಲೇ ಗೀಚಿದ. ಅದೇ ದಿನ ಆಸ್ಟ್ರಿಯಾ ಯುದ್ಧ ಘೋಷಿಸಿತು. ಯಾಕೆ? ತಮ್ಮ ಯುವರಾಜನನ್ನು ಕೊಂದದ್ದಕ್ಕೆ ಕಾಗದದ ಮೇಲಿನ ಒಪ್ಪಿಗೆ ಪಡೆದು ಸುಮ್ಮನಾದರೆ ದೊಡ್ಡ ಸಾಮ್ರಾಜ್ಯ ಅನ್ನುವ ಹೆಸರು ಉಳಿಯುವುದಿಲ್ಲ ಅಂತ ವಿಯೆನ್ನಾದವರಿಗೆ ಅನ್ನಿಸಿತ್ತು. ಆಮೇಲೆ ನಡೆದದ್ದು ಮಾತ್ರ ಪೂರ್ತಿ ಮೇಷ್ಟ್ರ ಪಾಠ. ರಷ್ಯಾ ಸೈನ್ಯ ಸೇರಿಸಲು ಶುರು ಮಾಡಿತು. ಜರ್ಮನಿಯ ಯೋಜನೆ ಏನಿತ್ತು ಅಂದರೆ, ರಷ್ಯಾ ಸಿದ್ಧವಾಗುವಷ್ಟರಲ್ಲಿ ಫ್ರಾನ್ಸನ್ನು ಮುಗಿಸಿಬಿಡಬೇಕು. ಹಾಗಾಗಿ ಕಾಯುವ ಒಂದೊಂದು ದಿನವೂ ಸೋಲಿನ ಕಡೆ ಒಂದು ಹೆಜ್ಜೆ. ಬೆಂಕಿ ಹಚ್ಚಿದ್ದು ಮಾನ, ಹರಡಿದ್ದು ಭಯ. ನಾನು ಆ ಐದು ವಾರಗಳನ್ನು ಹಾಗೆ ಓದುತ್ತೇನೆ.

ಈಗ ನಿಮ್ಮ ಗೆಳತಿಯ ಮಾತು. ಒಬ್ಬರು ಇದನ್ನು ದೊಡ್ಡ ಸಿದ್ಧಾಂತವಾಗಿಯೇ ಮಂಡಿಸಿದ್ದಾರೆ. ಸ್ಯಾಮ್ಯುಯೆಲ್ ಹಂಟಿಂಗ್ಟನ್ 1993ರಲ್ಲಿ, ಇನ್ನು ಮುಂದೆ ಯುದ್ಧಗಳು ನಾಗರಿಕತೆಗಳ ನಡುವೆ ಆಗುತ್ತವೆ ಅಂದರು. ಕೇಳಲು ಸರಿ ಅನ್ನಿಸುತ್ತದೆ. ಆದರೆ 1980ರಿಂದ 1988ರವರೆಗೆ ಎಂಟು ವರ್ಷ ಕಾದಿದ ಇರಾನ್, ಇರಾಕ್ ಎರಡೂ ಮುಸ್ಲಿಂ ದೇಶಗಳು. 1914ರಲ್ಲಿ ಎದುರುಬದುರು ನಿಂತ ಜರ್ಮನಿಯ ಕೈಸರ್ ಮತ್ತು ಬ್ರಿಟನ್ನಿನ ದೊರೆ ಐದನೇ ಜಾರ್ಜ್ ಇಬ್ಬರೂ ವಿಕ್ಟೋರಿಯಾ ರಾಣಿಯ ಮೊಮ್ಮಕ್ಕಳು. ಸ್ವತಃ ಹಂಟಿಂಗ್ಟನ್, ರಷ್ಯಾ ಮತ್ತು ಉಕ್ರೇನ್ ಒಂದೇ ನಾಗರಿಕತೆಗೆ ಸೇರಿದ್ದರಿಂದ ಅವುಗಳ ನಡುವೆ ಹಿಂಸೆ ಆಗುವ ಸಂಭವ ಕಡಿಮೆ ಅಂತ ಬರೆದಿದ್ದರು. 2022ರಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು.

ಹುಟ್ಟಾ ಯೋಧರು ಅನ್ನುವ ಮಾತೂ ನಿಲ್ಲುವುದಿಲ್ಲ. ಹದಿನೇಳನೇ ಶತಮಾನದಲ್ಲಿ ಸ್ವೀಡನ್ ಸೈನ್ಯ ಅಂದರೆ ಯುರೋಪಿಗೆ ನಡುಕ. 1814ರ ಆಮೇಲೆ ಸ್ವೀಡನ್ ಯಾವ ದೇಶದ ಮೇಲೂ ಯುದ್ಧಕ್ಕೆ ಹೋಗಿಲ್ಲ. 1945ರವರೆಗೆ ಜಪಾನಿಗೆ ಶರಣಾಗುವುದಕ್ಕಿಂತ ಸಾವು ಮೇಲು, ಎರಡೇ ವರ್ಷದ ಮೇಲೆ, 1947ರಲ್ಲಿ ಜಾರಿಗೆ ಬಂದ ಸಂವಿಧಾನದ 9ನೇ ವಿಧಿಯಲ್ಲಿ ಯುದ್ಧವನ್ನೇ ತ್ಯಜಿಸುತ್ತೇವೆ ಅಂತ ಬರೆದುಕೊಂಡರು. ಅಮೆರಿಕದ ಸೇನೆ ಮೇಲೆ ಕೂತು ಬರೆಸಿದ್ದು ಅನ್ನಿ, ಒಪ್ಪುತ್ತೇನೆ. ಆದರೆ ಆ ಸೇನೆಯ ಆಡಳಿತ 1952ರಲ್ಲಿ ಮುಗಿದ ಮೇಲೂ ಜಪಾನೀಯರು ಆ ವಿಧಿಯನ್ನು ತೆಗೆದುಹಾಕಲಿಲ್ಲ. ನಮ್ಮ ಜಿಲ್ಲೆಯಲ್ಲೂ ಅಷ್ಟೆ, ವೀರಗಲ್ಲು ನೆಟ್ಟವರ ವಂಶದವರೇ ಇವತ್ತು ಬೇಲಿ ಜಗಳಕ್ಕೆ ವಕೀಲರ ಹತ್ತಿರ ಹೋಗುತ್ತಿದ್ದಾರೆ.

ಅರಾಜಕತೆ ಒಂದೇ ಇದ್ದರೂ ಅದರಲ್ಲಿ ನಡೆದುಕೊಳ್ಳುವ ರೀತಿ ಬೇರೆ ಬೇರೆ ಅನ್ನೋದನ್ನು ನಮ್ಮ ಹಳಬರೂ ಕಂಡಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು 1905ರಲ್ಲಿ ಮೈಸೂರಿನಲ್ಲಿ ಬೆಳಕಿಗೆ ತಂದವರು ಆರ್. ಶಾಮಶಾಸ್ತ್ರಿಗಳು. ದಂಡ ಹಿಡಿಯುವ ದೊರೆ ಇಲ್ಲದಿದ್ದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯ ಅನ್ನುವ ಮಾತು ಅದರಲ್ಲಿದೆ. ಗಡಿಗೆ ಹೊಂದಿದವನು ಶತ್ರು, ಅವನ ಆಚೆಯವನು ಮಿತ್ರ ಅನ್ನುವ ಮಂಡಲದ ಲೆಕ್ಕವೂ ಇದೆ. ಇಷ್ಟನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ಗ್ರಂಥದಲ್ಲಿ ಗೆಲ್ಲಲು ಬರುವವರಲ್ಲಿ ಮೂರು ಬಗೆ ಹೇಳಿದ್ದಾನೆ. ಧರ್ಮವಿಜಯಿಗೆ ನೀವು ತಲೆಬಾಗಿದರೆ ಸಾಕು. ಲೋಭವಿಜಯಿಗೆ ನಿಮ್ಮ ಭೂಮಿ, ಹಣ ಬೇಕು. ಅಸುರವಿಜಯಿಗೆ ಭೂಮಿ, ಹಣದ ಜೊತೆ ನಿಮ್ಮ ಹೆಂಡತಿ ಮಕ್ಕಳು, ನಿಮ್ಮ ಪ್ರಾಣವೂ ಬೇಕು. ಬರುವವನು ಯಾವ ಬಗೆ ಅಂತ ನೋಡಿಕೊಂಡು ದುರ್ಬಲ ರಾಜ ನಡೆಯಬೇಕು ಅನ್ನೋದು ಅವನ ಸಲಹೆ. ಮೂವರೂ ಒಂದೇ ಮತ್ಸ್ಯನ್ಯಾಯದಲ್ಲಿ ಬದುಕುವವರು, ಬಯಸುವುದು ಮಾತ್ರ ಬೇರೆ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಕೈಗೆ ಸಿಕ್ಕ ಸಂಪತ್ತೇ ಅವನ ಮುಂದಿನ ಏಳಿಗೆಗೆ ಬಂಡವಾಳ ಆಯಿತು, ಅದು ಎರಡನೇ ಬಗೆಗೆ ಹತ್ತಿರ.

ಇದೇ ಮಾತನ್ನು ನಮ್ಮ ಕಾಲದಲ್ಲಿ ಅಲೆಕ್ಸಾಂಡರ್ ವೆಂಟ್ ಬೇರೆ ದಾರಿಯಿಂದ ಹೇಳಿದರು. 1992ರ ಅವರ ಲೇಖನದ ತಿರುಳು ಇಷ್ಟೆ, ಅರಾಜಕತೆಯನ್ನು ದೇಶಗಳು ಹೇಗೆ ಮಾಡಿಕೊಳ್ಳುತ್ತವೋ ಹಾಗಿರುತ್ತದೆ. ಬ್ರಿಟನ್ನಿನ ಐನೂರು ಅಣುಬಾಂಬಿಗೆ ಅಮೆರಿಕ ಹೆದರುವುದಿಲ್ಲ, ಉತ್ತರ ಕೊರಿಯಾದ ಐದಕ್ಕೆ ಹೆದರುತ್ತದೆ ಅನ್ನೋದು ಅವರದೇ ಉದಾಹರಣೆ. ಬಾಂಬಿನ ಬಲ ಒಂದೇ, ಹಿಡಿದವರ ಜೊತೆಗಿನ ಸಂಬಂಧ ಬೇರೆ. ಎದುರಿನವನನ್ನು ಶತ್ರು ಅಂತ ನೋಡುವುದು ಒಂದು ಸಂಸ್ಕೃತಿ, ಪೈಪೋಟಿಗಾರ ಅಂತ ನೋಡುವುದು ಇನ್ನೊಂದು, ಗೆಳೆಯ ಅಂತ ನೋಡುವುದು ಮತ್ತೊಂದು. ಈ ಸಂಸ್ಕೃತಿ ದೇಶಗಳ ಒಳಗಿನದ್ದಲ್ಲ, ದೇಶಗಳ ನಡುವಿನದ್ದು ಅನ್ನೋದನ್ನು ನಿಮ್ಮ ಗೆಳತಿಗೆ ಖಂಡಿತ ಹೇಳಿ.

ಕಡು ವೈರದ ನಡುವೆಯೂ ಇದರ ಗುರುತು ಸಿಗುತ್ತದೆ. 2020ರ ಜೂನ್ 15ರ ರಾತ್ರಿ ಗಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರ ಜೊತೆಗಿನ ಹೊಡೆದಾಟದಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಎರಡೂ ಕಡೆ ಅಣ್ವಸ್ತ್ರ ಇರುವ ದೇಶಗಳು, ಆದರೂ ಆ ರಾತ್ರಿ ಗುಂಡು ಹಾರಲಿಲ್ಲ, ಕಲ್ಲು, ದೊಣ್ಣೆ, ಮೊಳೆ ಬಡಿದ ರಾಡುಗಳಲ್ಲಿ ಹೊಡೆದಾಡಿದರು. ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸುವಂತಿಲ್ಲ ಅಂತ 1996ರಲ್ಲಿ ಎರಡೂ ದೇಶ ಮಾಡಿಕೊಂಡ ಒಪ್ಪಂದ ಅದರ ಹಿಂದೆ ಇತ್ತು. ಮುರಿದಿದ್ದರೆ ದಂಡ ಹಾಕುವ ಪೊಲೀಸ್ ಯಾರೂ ಇರಲಿಲ್ಲ. ಆ ಸಾವುಗಳ ನೋವನ್ನು ಇದು ಕಡಿಮೆ ಮಾಡುವುದಿಲ್ಲ. ಆದರೆ ಬಂದೂಕು ಹೊರಬಂದಿದ್ದರೆ ಅದು ಕಣಿವೆಯಲ್ಲೇ ನಿಲ್ಲುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಪಾಕಿಸ್ತಾನದ ಜೊತೆ ಕೂಡ, ಒಬ್ಬರ ಅಣುಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು ಅಂತ 1988ರ ಒಪ್ಪಂದ ಇದೆ. ಅದರಂತೆ 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಕಾರ್ಗಿಲ್ ನಡೆದ 1999 ದಾಟಿಯೂ ಅದು ನಿಂತಿಲ್ಲ.

ಕೊನೆಗೆ ನಿಮ್ಮ ಒಂದೇ ಸರ್ಕಾರದ ಪ್ರಶ್ನೆ. ಇಲ್ಲ, ಬರೀ ಅದರಿಂದ ಯುದ್ಧ ನಿಲ್ಲುವುದಿಲ್ಲ. ಮೇಲೆ ಸರ್ಕಾರ ಇದ್ದೂ ನಡೆದ ಯುದ್ಧಗಳು ಇಲ್ಲದೆ ನಡೆದವುಗಳಿಗಿಂತ ಸೌಮ್ಯವಾಗೇನೂ ಇರಲಿಲ್ಲ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಜಾಸ್ತಿ ಯೋಧರು ಸತ್ತರು, ಒಂದೇ ಸಂವಿಧಾನದ ಕೆಳಗಿದ್ದವರು. 1850ರಿಂದ 1864ರವರೆಗೆ ಚೀನಾದಲ್ಲಿ ನಡೆದ ತೈಪಿಂಗ್ ದಂಗೆಯಲ್ಲಿ ಸತ್ತವರು ಎರಡು ಕೋಟಿ ಅಂತ ಅಂದಾಜು, ಅಲ್ಲಿ ಚಕ್ರವರ್ತಿ ಇದ್ದ, ಅಧಿಕಾರಿಗಳಿದ್ದರು, ಕಾನೂನಿತ್ತು. ಒಟ್ಟಿಗೆ ಬದುಕುವುದು ನಮಗೆ ಅವಮಾನ ಅಂತ ಜನರ ಒಂದು ದೊಡ್ಡ ಭಾಗಕ್ಕೆ ಅನ್ನಿಸಿಬಿಟ್ಟರೆ ಸರ್ಕಾರ ಇದ್ದರೂ ಅದು ಒಂದು ಪಕ್ಷವಾಗಿಬಿಡುತ್ತದೆ.

ಹಾಗಾದರೆ ಸರ್ಕಾರ ಇಲ್ಲದೆ ನಿಂತದ್ದು ಎಲ್ಲಿ ಅಂತ ಕೇಳುತ್ತೀರಿ. ಫ್ರಾನ್ಸ್ ಮತ್ತು ಜರ್ಮನಿ ನೋಡಿ. 1870, 1914, 1939, ಎಪ್ಪತ್ತು ವರ್ಷದೊಳಗೆ ಮೂರು ಯುದ್ಧ. 1951ರಲ್ಲಿ ಇನ್ನೂ ನಾಲ್ಕು ದೇಶಗಳ ಜೊತೆ ಸೇರಿ ತಮ್ಮ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದು ಜಂಟಿ ಆಡಳಿತದ ಕೆಳಗೆ ಇಟ್ಟರು, ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರು ತೋಪು ಎರಕ ಹೊಯ್ಯಲು ಆಗದ ಹಾಗೆ. 1963ರಲ್ಲಿ ಸ್ನೇಹ ಒಪ್ಪಂದ ಮಾಡಿಕೊಂಡು ಎರಡೂ ಕಡೆಯ ಶಾಲೆ ಮಕ್ಕಳನ್ನು, ಯುವಕರನ್ನು ಅದಲುಬದಲು ಕಳಿಸಲು ಸಂಸ್ಥೆ ಕಟ್ಟಿದರು. ಮೊದಲನೆಯದು ಭಯಕ್ಕೆ ಮದ್ದು, ಎರಡನೆಯದು ಮಾನದ ಲೆಕ್ಕಕ್ಕೆ. ಅಮೆರಿಕದ ಸೇನೆ ಅಲ್ಲಿ ಕೂತಿತ್ತು, ಅದರಿಂದ ಶಾಂತಿ ಅಂತ ಮೇಷ್ಟ್ರು ಹೇಳಬಹುದು. ಅದೂ ಒಂದು ಕಾರಣವೇ. ಆದರೆ ಈ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ಅವರಿಗೆ ತೋರಿಸಿ. 1935ರ ಮಾರ್ಚ್‌ನಲ್ಲಿ ಜರ್ಮನಿ ಕಡ್ಡಾಯ ಸೈನ್ಯ ಸೇವೆ ಮತ್ತೆ ತಂದು ಸೇನೆ ಬೆಳೆಸುತ್ತೇನೆ ಅಂತ ಘೋಷಿಸಿತು, ಮೇ ತಿಂಗಳಲ್ಲೇ ಫ್ರಾನ್ಸ್ ಓಡಿಹೋಗಿ ಸೋವಿಯತ್ ಒಕ್ಕೂಟದ ಜೊತೆ ರಕ್ಷಣಾ ಒಪ್ಪಂದ ಮಾಡಿಕೊಂಡಿತು. 2025ರ ಮಾರ್ಚ್‌ನಲ್ಲಿ, ಅಮೆರಿಕ ಯುರೋಪನ್ನು ಕಾಯುತ್ತದೋ ಇಲ್ಲವೋ ಅನ್ನುವ ಅನುಮಾನ ಜೋರಾಗಿದ್ದ ಹೊತ್ತಿನಲ್ಲೇ, ಜರ್ಮನಿಯ ಸಂಸತ್ತು ಸಾಲದ ಮಿತಿ ಸಡಿಲಿಸಲು ಸಂವಿಧಾನವನ್ನೇ ತಿದ್ದಿ ಸೇನೆಗೆ ಭಾರೀ ಹಣ ಸುರಿಯಲು ದಾರಿ ಮಾಡಿಕೊಟ್ಟಿತು. ಪ್ಯಾರಿಸ್ ಅದನ್ನು ಸ್ವಾಗತಿಸಿತು.